ಕೌಂಟಿಯ ಸರಾಸರಿಯೂ ರೈತನ ನಷ್ಟವೂ



ಕೃಷಿಯ ಅರ್ಥಶಾಸ್ತ್ರವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸವು ಕನ್ನಡದಲ್ಲಿಯೇ ನಡೆಯತಕ್ಕದ್ದೆಂದು ಬಯಸಿ ಈ ದತ್ತಿಯನ್ನಿಟ್ಟ ಹಿರಿಯರಿಗೆ ಮೊದಲು ನನ್ನ ನಮಸ್ಕಾರ. ಇಂದು ನಾನು ಆರಿಸಿಕೊಂಡಿರುವ ವಿಷಯವು ದೂರದೇಶದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಾಮಾಂತರ ಕೌಂಟಿಯೊಂದರಲ್ಲಿ, ಬೆಳೆಯ ವರಮಾನವು ಕುಸಿದ ವರ್ಷ ಸರ್ಕಾರವು ಬೇಸಾಯಗಾರರಿಗೆ ನೀಡುವ ಸಹಾಯಧನವನ್ನು ಯಾವ ಲೆಕ್ಕದಿಂದ ನೀಡುತ್ತದೆ, ಆ ಲೆಕ್ಕದಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದೇ ನನ್ನ ಪ್ರಸ್ತಾವ. ಅಷ್ಟು ದೂರದ ಸಂಗತಿಯಿಂದ ನಮಗೇನು ಪ್ರಯೋಜನವೆಂದು ಕೇಳುವವರಿಗೆ ಉತ್ತರವನ್ನು ಉಪನ್ಯಾಸವು ಮುಂದುವರಿದಂತೆ ಕೊಡಲೆಳಸುತ್ತೇನೆ. ಸದ್ಯಕ್ಕೆ ಇಷ್ಟನ್ನು ಹೇಳಿದರೆ ಸಾಕು: ಒಬ್ಬೊಬ್ಬ ರೈತನ ನಷ್ಟವನ್ನು ಅಳೆಯದೆ ಒಂದು ಪ್ರದೇಶದ ಸರಾಸರಿಯನ್ನು ಅಳೆದು ಪರಿಹಾರ ಕೊಡುವ ಕಲ್ಪನೆಯು ಹಿಂದಿನ ಮೈಸೂರು ಸಂಸ್ಥಾನದಲ್ಲಿ, ಅಮೆರಿಕದವರು ಬೆಳೆವಿಮೆಯ ಶಾಸನವನ್ನು ಮಾಡುವುದಕ್ಕೆ ಬಹುಮೊದಲೇ, ಗ್ರಂಥರೂಪದಲ್ಲಿ ಪ್ರಕಟವಾಗಿತ್ತು.

ಅಯೋವಾ ರಾಜ್ಯದಲ್ಲಿ ತೊಂಬತ್ತೊಂಬತ್ತು ಕೌಂಟಿಗಳಿವೆ. ಅವುಗಳಲ್ಲಿ ವಿಸ್ತೀರ್ಣದಿಂದ ಅತಿ ದೊಡ್ಡದು ಉತ್ತರದ ಗಡಿಯಲ್ಲಿ ಮಿನೆಸೋಟಾಕ್ಕೆ ತಾಗಿಕೊಂಡಿರುವ ಕೊಸುತ್ ಕೌಂಟಿ. 1851ರಲ್ಲಿ ರೂಪುಗೊಂಡು, ಹಂಗೆರಿಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಲಾಯೋಶ್ ಕೊಸುತನ ಹೆಸರನ್ನು ಹೊತ್ತದ್ದು. ಅಲ್ಗೋನಾ ಎಂಬ ಸಣ್ಣ ಪಟ್ಟಣವು ಅದರ ಕೇಂದ್ರ. ಹಿಮನದಿಗಳು ಸರಿದುಹೋದಾಗ ಬಿಟ್ಟುಹೋದ ಮಟ್ಟಸವಾದ ಕಪ್ಪು ನೆಲವದು. ಒಂದು ಕಾಲದಲ್ಲಿ ಜೌಗುಹೊಂಡಗಳಿಂದ ತುಂಬಿದ್ದ ಆ ಹುಲ್ಲುಗಾವಲನ್ನು ವಲಸೆ ಬಂದವರು ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ನೀರನ್ನು ಬಸಿದು, ಲೋಕದಲ್ಲಿಯೇ ಅತ್ಯಂತ ಫಲವತ್ತಾದ ಮೆಕ್ಕೆಜೋಳದ ಹೊಲಗಳಲ್ಲಿ ಒಂದನ್ನಾಗಿ ಮಾಡಿದರು. ಇಂದು ಅಲ್ಲಿ ಕಣ್ಣು ಹಾಯುವವರೆಗೂ ಮೆಕ್ಕೆಜೋಳ, ಇಲ್ಲವೆ ಸೋಯಾ ಅವರೆ. ಜನರೇ ವಿರಳ. 1940ರ ಜನಗಣತಿಯಲ್ಲಿ ಇಪ್ಪತ್ತಾರು ಸಾವಿರವನ್ನು ಮೀರಿದ್ದ ಅಲ್ಲಿಯ ಜನಸಂಖ್ಯೆಯು 2020ರಲ್ಲಿ ಹದಿನೈದು ಸಾವಿರಕ್ಕಿಂತ ಕೆಳಗಿಳಿದಿತ್ತು. ನೆಲ ಅಷ್ಟೇ ಇದೆ, ಬೆಳೆ ಹಲವು ಪಾಲು ಹೆಚ್ಚಿದೆ, ಜನರು ಮಾತ್ರ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿದ್ದಾರೆ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕಗಳನ್ನು ನೋಡಬೇಕು.

ಸರ್ಕಾರವು ಬೇಸಾಯಗಾರನಿಗೆ ಹಣ ಕೊಡುವ ಪದ್ಧತಿಯು ಆ ದೇಶದಲ್ಲಿ ದಯೆಯಿಂದ ಹುಟ್ಟಿದ್ದಲ್ಲ, ಸಂಕಟದಿಂದ ಹುಟ್ಟಿದ್ದು. 1932ರ ಸುಮಾರಿಗೆ ಅಯೋವಾದಲ್ಲಿ ಒಂದು ಬುಷೆಲ್ ಮೆಕ್ಕೆಜೋಳಕ್ಕೆ, ಎಂದರೆ ಇಪ್ಪತ್ತೈದು ಕಿಲೋಗ್ರಾಮಿಗೂ ಮಿಗಿಲಾದ ಧಾನ್ಯಕ್ಕೆ, ಹತ್ತು ಸೆಂಟುಗಳವರೆಗೂ ಬೆಲೆ ಇಳಿದು, ಕಲ್ಲಿದ್ದಲನ್ನು ಕೊಳ್ಳುವುದಕ್ಕಿಂತ ಜೋಳವನ್ನು ಒಲೆಗಿಡುವುದೇ ಅಗ್ಗವೆಂದು ರೈತರು ಚಳಿಗಾಲದಲ್ಲಿ ಅದನ್ನೇ ಸುಟ್ಟು ಮೈಕಾಯಿಸಿಕೊಂಡರು. ಸಾಲ ತೀರಿಸಲಾರದವರ ಜಮೀನುಗಳು ಹರಾಜಿಗೆ ಬಂದವು. 1933ರ ಏಪ್ರಿಲಿನಲ್ಲಿ ಅದೇ ರಾಜ್ಯದ ಲ ಮಾರ್ಸ್ ಪಟ್ಟಣದಲ್ಲಿ, ಇನ್ನು ಮುಂದೆ ಹರಾಜಿನ ಆಜ್ಞೆಗಳಿಗೆ ಸಹಿ ಹಾಕುವುದಿಲ್ಲವೆಂದು ಮಾತುಕೊಡಲೊಪ್ಪದ ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿಯವರನ್ನು ರೊಚ್ಚಿಗೆದ್ದ ಗುಂಪು ನ್ಯಾಯಾಸನದಿಂದಲೇ ಎಳೆದೊಯ್ದು, ಕುತ್ತಿಗೆಗೆ ಹಗ್ಗ ಬಿಗಿದು, ಪ್ರಾಣವೊಂದನ್ನು ಮಾತ್ರ ಉಳಿಸಿ ಬಿಟ್ಟಿತು. ಆ ಜನರು ದುಷ್ಟರಾಗಿರಲಿಲ್ಲ. ಚರ್ಚಿಗೆ ಹೋಗುವ, ಸಾಲಕ್ಕೆ ಹೆದರುವ, ಸಭ್ಯ ಗೃಹಸ್ಥರಾಗಿದ್ದರು. ಬೆಳೆದುದಕ್ಕೆ ಬೆಲೆಯಿಲ್ಲವೆಂಬ ಅವಮಾನವು ಸಭ್ಯನನ್ನು ಯಾವ ಅಂಚಿಗೆ ತಂದು ನಿಲ್ಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಇದಾದ ಹದಿನೈದು ದಿನಗಳೊಳಗೆ, ಮೇ 12ರಂದು, ಅಧ್ಯಕ್ಷ ರೂಸ್ವೆಲ್ಟರ ಸರ್ಕಾರದ ಕೃಷಿ ಹೊಂದಾಣಿಕೆ ಶಾಸನವು ಜಾರಿಗೆ ಬಂದಿತು. ಅದರ ಸೂತ್ರಧಾರರಾದ ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೇಸರು ಅಯೋವಾದವರೇ, ಮೆಕ್ಕೆಜೋಳದ ಮಿಶ್ರತಳಿಯ ಬೀಜಗಳಿಗಾಗಿ ಉದ್ಯಮವನ್ನೇ ಸ್ಥಾಪಿಸಿದ್ದವರು. ಬಿತ್ತನೆಯನ್ನು ಕಡಿಮೆ ಮಾಡಿದವನಿಗೆ ಹಣ, ಆ ಹಣಕ್ಕೆ ಧಾನ್ಯ ಸಂಸ್ಕರಿಸುವವರ ಮೇಲೆ ತೆರಿಗೆ. ಇದು ಮೊದಲ ಸೂತ್ರ. 1936ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೆರಿಗೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದ ಮೇಲೆ, 1938ರ ಶಾಸನವು ಬೇರೆ ಬುನಾದಿಯ ಮೇಲೆ ಅದೇ ಕಟ್ಟಡವನ್ನು ಕಟ್ಟಿತು. ಒಕ್ಕೂಟ ಸರ್ಕಾರದ ಬೆಳೆವಿಮಾ ನಿಗಮವೂ ಆ ವರ್ಷದ್ದೇ. ಅಲ್ಲಿಂದ ಮುಂದಿನ ದಶಕಗಳ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಸಹಾಯವೇನಿದ್ದರೂ ಸಾಧಾರಣ ಕುಟುಂಬದ ಬೇಸಾಯಕ್ಕೆ ಒದಗಲಿ, ಒಂದು ಮಿತಿಯಾಚೆಯ ದೊಡ್ಡ ಬೇಸಾಯಗಳಿಗೆ ಬೇಡವೆಂದು 1949ರಲ್ಲಿ ಕೃಷಿ ಕಾರ್ಯದರ್ಶಿ ಚಾರ್ಲ್ಸ್ ಬ್ರಾನನ್ನರು ಮುಂದಿಟ್ಟ ಪ್ರಸ್ತಾವವನ್ನು ಅಲ್ಲಿಯ ಶಾಸನಸಭೆ ತಿರಸ್ಕರಿಸಿತು. ಆ ದಿನ ಮುಚ್ಚಿದ ಬಾಗಿಲನ್ನು ಅನಂತರ ಪೂರ್ಣವಾಗಿ ಯಾರೂ ತೆರೆಯಲಿಲ್ಲ.

ಮೊದಮೊದಲು ಸರ್ಕಾರವು ಬೆಲೆಯನ್ನು ಕಾಯುತ್ತಿತ್ತು. ಬೆಲೆಯೊಂದನ್ನೇ ಕಾಯುವುದರಲ್ಲಿ ಒಂದು ವಿಚಿತ್ರವಾದ ದೋಷವುಂಟು: ಬರಗಾಲದಲ್ಲಿ ಬೆಳೆ ಒಣಗಿದಾಗ ಬೆಲೆ ಏರುವುದರಿಂದ, ಮಾರಲು ಕಾಳೇ ಇಲ್ಲದವನಿಗೆ ಏನೂ ದೊರೆಯದು; ಸುಗ್ಗಿ ಹುಲುಸಾದಾಗ ಬೆಲೆ ಇಳಿಯುವುದರಿಂದ, ಕಣಜ ತುಂಬಿದವನಿಗೇ ಹಣ ಹರಿಯುವುದು. ಆದ್ದರಿಂದ ಇಳುವರಿ ಮತ್ತು ಬೆಲೆ ಎರಡನ್ನೂ ಗುಣಿಸಿ ಬಂದ ವರಮಾನವನ್ನೇ ಕಾಯಬೇಕೆಂಬ ವಿವೇಕವು ಮೂಡಿತು. 2008ರ ಶಾಸನದಲ್ಲಿ ‘ಸರಾಸರಿ ಬೆಳೆ ವರಮಾನ ಆಯ್ಕೆ’ ಎಂಬ ಯೋಜನೆಯು ರಾಜ್ಯದ ಸರಾಸರಿಯನ್ನು ಅಳತೆಗೋಲಾಗಿ ಹಿಡಿಯಿತು. ರಾಜ್ಯವೂ ನಷ್ಟದಲ್ಲಿರಬೇಕು, ರೈತನೂ ನಷ್ಟದಲ್ಲಿರಬೇಕು ಎಂಬ ಎರಡು ಬೀಗಗಳಿದ್ದುದರಿಂದಲೂ, ಅದನ್ನು ಆಯ್ದವರು, ಬೆಲೆ ಏನೇ ಇದ್ದರೂ ವರ್ಷವರ್ಷವೂ ಸಲ್ಲುತ್ತಿದ್ದ ನೇರ ಪಾವತಿಯ ಐದನೆಯ ಒಂದು ಪಾಲನ್ನು ಬಿಟ್ಟುಕೊಡಬೇಕಾಗಿದ್ದುದರಿಂದಲೂ ಅದರತ್ತ ಹೋದವರು ಸ್ವಲ್ಪ ಜನ. 2014ರ ಶಾಸನವು ಅದನ್ನು ರದ್ದುಮಾಡಿ, ಅಳತೆಗೋಲನ್ನು ರಾಜ್ಯದಿಂದ ಕೌಂಟಿಗೆ ಇಳಿಸಿ, ರೈತನ ಸ್ವಂತ ನಷ್ಟವನ್ನು ಕೇಳುವುದನ್ನೇ ಬಿಟ್ಟಿತು. ‘ಕೃಷಿ ಅಪಾಯ ರಕ್ಷಣೆ’ ಎಂಬ ಈ ಯೋಜನೆಯ ಕೌಂಟಿ ವಿಧಕ್ಕೆ ದೇಶದ ಮೆಕ್ಕೆಜೋಳದ ಆಧಾರ ಎಕರೆಗಳಲ್ಲಿ (ಎಂದರೆ, ಸಹಾಯಧನಕ್ಕೆಂದು ಕಡತದಲ್ಲಿ ದಾಖಲಾದ ಎಕರೆಗಳಲ್ಲಿ) ನೂರಕ್ಕೆ ತೊಂಬತ್ತಕ್ಕೂ ಮಿಗಿಲಾದವು ಸೇರಿಕೊಂಡವು.

ಅದರ ಲೆಕ್ಕವನ್ನು ಕೊಂಚ ಸಾವಧಾನವಾಗಿ ನೋಡೋಣ. ಹಿಂದಿನ ಐದು ವರ್ಷಗಳ ಕೌಂಟಿಯ ಇಳುವರಿಗಳಲ್ಲಿ ಅತ್ಯಧಿಕವನ್ನೂ ಅತ್ಯಲ್ಪವನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುವುದು. ದೇಶದ ಬೆಲೆಯನ್ನೂ ಹಾಗೆಯೇ ತೆಗೆಯುವುದು. ಎರಡನ್ನೂ ಗುಣಿಸಿದರೆ ಬರುವುದು ಮೂಲ ವರಮಾನ. 2014ರ ಶಾಸನದಂತೆ ಅದರಲ್ಲಿ ನೂರಕ್ಕೆ 86ರಷ್ಟು ಸರ್ಕಾರದ ಭರವಸೆಯಾಗಿತ್ತು. ಆ ವರ್ಷದ ಕೌಂಟಿಯ ವರಮಾನವು ಭರವಸೆಗಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಕೊಡುವುದು, ಆದರೆ ಆಗಿನ ನಿಯಮದಂತೆ ಮೂಲ ವರಮಾನದ ನೂರಕ್ಕೆ ಹತ್ತನ್ನು ಮೀರದಂತೆ. ಅದೂ ಆಧಾರ ಎಕರೆಗಳ ನೂರಕ್ಕೆ 85ರ ಮೇಲೆ. 2014ರಲ್ಲಿ ಮೆಕ್ಕೆಜೋಳದ ಮೂಲ ಬೆಲೆ ಬುಷೆಲಿಗೆ 5.29 ಡಾಲರು, ಆ ವರ್ಷ ಪೇಟೆಯಲ್ಲಿ ದೊರೆತ ಸರಾಸರಿ ಬೆಲೆ 3.70. ಈಗ ನೆರೆಹೊರೆಯ ಎರಡು ಕೌಂಟಿಗಳಲ್ಲಿಯೂ ಮೂಲ ಇಳುವರಿಯು ಎಕರೆಗೆ 170 ಬುಷೆಲ್ ಎಂದು ಭಾವಿಸೋಣ. ಮೂಲ ವರಮಾನ 899 ಡಾಲರು, ಭರವಸೆ 773. ಮೊದಲನೆಯ ಕೌಂಟಿಯಲ್ಲಿ ಆ ವರ್ಷ 180 ಬುಷೆಲ್ ಬಂದಿತೆನ್ನಿ. ವರಮಾನ 666 ಆಗಿ, ನಷ್ಟವು ಮಿತಿಯನ್ನೂ ಮೀರಿ, ಆಧಾರ ಎಕರೆಯೊಂದಕ್ಕೆ ಸುಮಾರು 76 ಡಾಲರು ರೈತನಿಗೆ ಸಲ್ಲುತ್ತದೆ. ಎರಡನೆಯದರಲ್ಲಿ 210 ಬುಷೆಲ್ ಬಂದಿದ್ದರೆ ವರಮಾನ 777. ಒಂದು ಸೆಂಟೂ ಇಲ್ಲ. ನಡುವೆ ಇರುವುದು ಅಳತೆಯವರು ಚೌಕಚೌಕವಾಗಿ ನೆಲವನ್ನು ಕೊಯ್ದಾಗ ಎಳೆದ ಒಂದು ಗೆರೆ, ಗೆರೆಯ ಮೇಲೊಂದು ಜಲ್ಲಿಕಲ್ಲಿನ ರಸ್ತೆ. ರಸ್ತೆಯ ಈಚೆಯವನು ಮತ್ತು ಆಚೆಯವನು ಒಂದೇ ಮಳೆಯಲ್ಲಿ ನೆನೆದವರು, ಒಂದೇ ಧಾನ್ಯದ ಮಂಡಿಗೆ ಲಾರಿ ತಂದವರು. ಗೆರೆಯಾಚೆಗಿನ ದೂರದ ಹೊಲಗಳು ಚೆನ್ನಾಗಿ ಬೆಳೆದವೆಂಬ ಕಾರಣಕ್ಕೆ ಒಬ್ಬನಿಗೆ ಪರಿಹಾರ ತಪ್ಪುತ್ತದೆ.

ಇಂತಹ ವ್ಯತ್ಯಾಸಗಳು ಕೇವಲ ಊಹೆಯಲ್ಲ. ಯೋಜನೆಯ ಮೊದಲ ಪಾವತಿಗಳು 2015ರ ಅಕ್ಟೋಬರಿನ ಅನಂತರ ಬಂದಾಗಲೇ ನೆರೆಕೌಂಟಿಗಳ ನಡುವಣ ಅಂತರವನ್ನು ಕುರಿತು ದೂರುಗಳೆದ್ದವು. ಅದಕ್ಕೆ ಮತ್ತೊಂದು ಕಾರಣವಿತ್ತು. ಕೌಂಟಿಯ ಇಳುವರಿಯನ್ನು ಸರ್ಕಾರದ ಅಂಕಿಅಂಶ ಇಲಾಖೆಯು ರೈತರಿಗೆ ಕಳುಹಿಸುವ ಪ್ರಶ್ನಾವಳಿಗಳಿಂದ ಅಂದಾಜು ಮಾಡುತ್ತಿತ್ತು. ಮೂವತ್ತು ಉತ್ತರಗಳಾದರೂ ಬರಬೇಕು, ಅಥವಾ ಕೊಯ್ದ ಎಕರೆಗಳ ಕಾಲುಭಾಗದ ಮಾಹಿತಿಯಾದರೂ ಸಿಗಬೇಕು. ಜನ ವಿರಳವಾದ ಕೌಂಟಿಗಳಲ್ಲಿ ಅಷ್ಟೂ ಬಾರದಿದ್ದಾಗ ಬೇರೆ ಮೂಲಗಳಿಂದ ಅಂಕಿಯನ್ನು ತರಬೇಕಾಗುತ್ತಿತ್ತು. ಅಲ್ಲದೆ, ಹೊಲ ಒಂದು ಕೌಂಟಿಯಲ್ಲಿದ್ದು ಕಡತ ಇನ್ನೊಂದು ಕೌಂಟಿಯ ಕಚೇರಿಯಲ್ಲಿದ್ದರೆ ಕಡತವಿದ್ದ ಕೌಂಟಿಯ ದರವೇ ಸಲ್ಲುತ್ತಿತ್ತು. 2018ರ ಶಾಸನವು ಈ ಎರಡನ್ನೂ ಬಹುಮಟ್ಟಿಗೆ ತಿದ್ದಿತು: ಬೆಳೆವಿಮೆಯ ದಾಖಲೆಗಳಿಂದ ಬಂದ ಇಳುವರಿಗೆ ಮೊದಲ ಸ್ಥಾನ, ಹೊಲ ಎಲ್ಲಿದೆಯೋ ಅಲ್ಲಿಯ ದರ. ತಪ್ಪನ್ನು ಒಪ್ಪಿ ತಿದ್ದಿಕೊಂಡ ಆ ಸರ್ಕಾರದ ನಡತೆಯನ್ನು ನಾನು ಮನಸಾರ ಮೆಚ್ಚುತ್ತೇನೆ.

ಆದರೆ ಗೆರೆಯ ದೋಷಕ್ಕಿಂತ ಆಳವಾದ ದೋಷಗಳು ಎರಡು ಉಂಟು. ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಮೂಲ ಬೆಲೆಯು ಹಿಂದಿನ ಐದು ವರ್ಷಗಳ ನೆರಳು. ಸಂಕಟವು ಒಂದು ವರ್ಷದ್ದಾದರೆ ಆ ನೆರಳು ರೈತನನ್ನು ಕಾಯುತ್ತದೆ, ಸಂಕಟವು ಮುಂದುವರಿದರೆ ನೆರಳೇ ಕುಗ್ಗುತ್ತದೆ. 2014ರಲ್ಲಿ 5.29 ಡಾಲರಿದ್ದ ಮೆಕ್ಕೆಜೋಳದ ಮೂಲ ಬೆಲೆಯು 2017ರ ಹೊತ್ತಿಗೆ 3.95ಕ್ಕೆ ಇಳಿದಿತ್ತು. ಪೇಟೆಯ ಬೆಲೆ 2016ರಲ್ಲಿ 3.36, 2017ರಲ್ಲಿಯೂ 3.36. ರೈತನ ಕಷ್ಟ ಕಡಿಮೆಯಾಗಲಿಲ್ಲ, ಹೆಚ್ಚಿತು; ಸರ್ಕಾರದ ದೃಷ್ಟಿಯಲ್ಲಿ ಮಾತ್ರ ಆ ಕಷ್ಟವೇ ಸಹಜ ಸ್ಥಿತಿಯಾಗಿ, ಪರಿಹಾರವು ತಾನಾಗಿ ಬತ್ತಿತು. ಅದಕ್ಕೇ, 2019ರಲ್ಲಿ ಮತ್ತೆ ಆಯ್ಕೆಗೆ ಅವಕಾಶ ದೊರೆತಾಗ, ಮೆಕ್ಕೆಜೋಳದ ಬಹುಪಾಲು ಎಕರೆಗಳು ವರಮಾನದ ರಕ್ಷಣೆಯನ್ನು ಬಿಟ್ಟು, ಅದರ ಜೊತೆಯಲ್ಲಿಯೇ ಆಯ್ಕೆಗಿದ್ದ ಬೆಲೆಯ ರಕ್ಷಣೆಯ ಯೋಜನೆಯ ಕಡೆಗೆ ಹೊರಟುಹೋದವು. ರೈತರು ತತ್ತ್ವವನ್ನು ಬದಲಿಸಿದರೆಂದು ಇದಕ್ಕರ್ಥವಲ್ಲ. ಹಣ ಎಲ್ಲಿ ಬರಬಹುದೆಂದು ಲೆಕ್ಕ ಹಾಕಿದರು. ಅದು ಅವರ ಹಕ್ಕು. 2025ರ ಜುಲೈ 4ರಂದು ಸಹಿಯಾದ ಶಾಸನವು ಭರವಸೆಯನ್ನು ನೂರಕ್ಕೆ 90ಕ್ಕೂ, ಮಿತಿಯನ್ನು 12ಕ್ಕೂ ಏರಿಸಿದೆಯಾದರೂ ಚಲಿಸುವ ಸರಾಸರಿಯೆಂಬ ಮೂಲವಿಧಾನ ಹಾಗೆಯೇ ಉಳಿದಿದೆ.

ಎರಡನೆಯದು ಮನುಷ್ಯನಿಗೆ ಸಂಬಂಧಿಸಿದ್ದು. ನನಗೆ ಇದೇ ಮುಖ್ಯವಾಗಿ ಕಾಣುತ್ತದೆ. ಹಣವು ಸಲ್ಲುವುದು ಈ ವರ್ಷ ಬಿತ್ತಿದ ಎಕರೆಗಲ್ಲ, ‘ಆಧಾರ ಎಕರೆ’ಗೆ, ಎಂದರೆ, ಆ ಹೊಲದಲ್ಲಿ ಹಿಂದೆಂದೋ ಯಾವ ಬೆಳೆ ಎಷ್ಟಿತ್ತೆಂದು ಕಡತದಲ್ಲಿ ನಿಂತುಹೋದ ಅಂಕಿಗೆ. ಈ ವರ್ಷ ಹೊಲದ ತುಂಬ ಸೋಯಾ ಬಿತ್ತಿದವನಿಗೆ ಮೆಕ್ಕೆಜೋಳದ ಪರಿಹಾರ ಬರುವುದುಂಟು. ಪರಿಹಾರದ ಆಸೆಗಾಗಿ ಬೆಳೆಯನ್ನು ಆರಿಸದಿರಲೆಂಬ ಸದುದ್ದೇಶ ಇದರಲ್ಲಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಹಾಯವು ನೆಲದ ಕಡತಕ್ಕೆ ಅಂಟಿಕೊಂಡ ಕೂಡಲೆ ಅದರ ಬೆಲೆ ನೆಲದ ಬೆಲೆಯೊಳಗೆ ಸೇರಿಹೋಗುತ್ತದೆ. ಅಯೋವಾದ ಸಾಗುವಳಿ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಗೆ ಕೊಟ್ಟದ್ದು. ನಗದು ಗೇಣಿಯ ಹೊಲದಲ್ಲಿ ಸರ್ಕಾರದ ಹಣವು ಕಾನೂನಿನಂತೆ ಗೇಣಿದಾರನ ಕೈಗೇ ಬರುತ್ತದೆ. ಮರುವರ್ಷ ಗೇಣಿಯ ಕರಾರಿಗೆ ಕುಳಿತಾಗ, ಈ ಹೊಲಕ್ಕೆ ಇಷ್ಟು ಆಧಾರವಿದೆ ಎಂಬುದನ್ನು ಒಡೆಯನೂ ಬಲ್ಲ, ಪೈಪೋಟಿಗೆ ಬಂದ ದೊಡ್ಡ ಬೇಸಾಯಗಾರನೂ ಬಲ್ಲ. ಹಣದ ಒಂದು ಪಾಲು ಸದ್ದಿಲ್ಲದೆ ಒಡೆಯನತ್ತ ಹರಿಯುತ್ತದೆ. ಆ ಒಡೆಯನು ಕೆಲವೊಮ್ಮೆ ಊರಿನಲ್ಲಿಯೇ ಇರುವ ವೃದ್ಧ ವಿಧವೆ. ಮತ್ತೆ ಕೆಲವೊಮ್ಮೆ ತಾತನ ಹೊಲಕ್ಕೆ ಹಕ್ಕುದಾರರಾಗಿ ದೂರದ ನಗರದಲ್ಲಿ ನೆಲೆಸಿರುವ ಮೊಮ್ಮಕ್ಕಳು. ಹೊಸದಾಗಿ ಬೇಸಾಯಕ್ಕಿಳಿಯಬೇಕೆನ್ನುವ ತರುಣನಿಗೆ ಈ ಸಹಾಯವು ಏಣಿಯಾಗುವ ಬದಲು ಗೋಡೆಯಾಗುತ್ತದೆ. ಕೊಸುತ್ ಕೌಂಟಿಯಲ್ಲಿ ಜನ ಕರಗಿದ್ದಕ್ಕೆ ಯಂತ್ರಗಳೇ ಬಹುಮುಖ್ಯ ಕಾರಣವೆಂಬುದು ನಿಜ. ಆದರೂ ಎಂಬತ್ತು ವರ್ಷಗಳಿಗೂ ಮೀರಿ ಹರಿದ ಸಾರ್ವಜನಿಕ ಧನವು ಆ ಕರಗುವಿಕೆಯನ್ನು ತಡೆಯಲಿಲ್ಲವೆಂಬುದೂ ಅಷ್ಟೇ ನಿಜ.

ಕೌಂಟಿಯನ್ನು ಅಳತೆಯಾಗಿಸುವ ಈ ಅಭ್ಯಾಸವು ಬೇರೆಡೆಗೂ ಹಬ್ಬಿತು. ಚೀನದೊಡನೆ ವಾಣಿಜ್ಯ ಸಮರವೆದ್ದು ಸೋಯಾದ ಬೇಡಿಕೆ ಬಿದ್ದಾಗ, 2019ರ ಪರಿಹಾರವನ್ನು ಬೆಳೆಗೆ ಇಷ್ಟೆಂದು ಹೇಳದೆ ಕೌಂಟಿಗೆ ಇಷ್ಟೆಂದೇ ಗೊತ್ತುಮಾಡಿದರು. ಎಕರೆಗೆ 15 ಡಾಲರಿನಿಂದ 150 ಡಾಲರಿನವರೆಗೆ. ಬೆಳೆಯೂ ಒಂದೇ, ಮಾರಿದ ಬೆಲೆಯೂ ಒಂದೇ ಆಗಿದ್ದರೂ ಯಾವ ಕೌಂಟಿಯವನು ಎಂಬುದರಿಂದ ಪರಿಹಾರ ಬೇರೆಯಾಯಿತು. ಇನ್ನು ಪ್ರಕೃತಿಯಂತೂ ಕೌಂಟಿಯ ನಕ್ಷೆಯನ್ನು ಓದಿದ್ದಲ್ಲ. 2020ರ ಆಗಸ್ಟ್ 10ರಂದು ಮಧ್ಯ ಅಯೋವಾದ ಮೇಲೆ ಬೀಸಿದ ಬಿರುಗಾಳಿಯು ಒಂದು ಪಟ್ಟಿಯಂತೆ ಹಾದುಹೋಗಿ, ಸುಮಾರು ಎಂಟೂವರೆ ಲಕ್ಷ ಎಕರೆಗಳ ಬೆಳೆಯನ್ನು ಕೊಯ್ಲಿಗೇ ಬಾರದಂತೆ ನೆಲಕ್ಕೊರಗಿಸಿತು. ಅಂತಹ ಪಟ್ಟಿಯು ಕೌಂಟಿಯ ಒಂದು ಮೂಲೆಯನ್ನಷ್ಟೇ ತಾಗಿದರೆ, ಆ ಮೂಲೆಯ ಸರ್ವನಾಶವು ಉಳಿದ ಮೂರು ಮೂಲೆಗಳ ಸುಭಿಕ್ಷದಲ್ಲಿ ಲೀನವಾಗಿ ಲೆಕ್ಕಕ್ಕೇ ಸಿಗದು.

ಹಾಗಾದರೆ ಅಮೆರಿಕದ ರೈತನು ಆ ಮೂಲೆಯಲ್ಲಿ ಅನಾಥನಾದನೆ? ಇಲ್ಲ, ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವನ ಸ್ವಂತ ಹೊಲದ ಸ್ವಂತ ಇಳುವರಿಯನ್ನು ಆಧರಿಸಿದ ಬೆಳೆವಿಮೆಯು ಪ್ರತ್ಯೇಕವಾಗಿ ಇದೆ. ಅದರ ಕಂತಿನ ಅರ್ಧಕ್ಕಿಂತಲೂ ಹೆಚ್ಚನ್ನು ಸರಾಸರಿಯಲ್ಲಿ ಸರ್ಕಾರವೇ ಭರಿಸುತ್ತದೆ. ಕೌಂಟಿಯ ಯೋಜನೆಯು ಆ ವಿಮೆಯು ಮುಟ್ಟದ ಮೇಲುಮೇಲಿನ ನಷ್ಟಕ್ಕೆ ಹೊದಿಸಿದ ಎರಡನೆಯ ಹೊದಿಕೆ. ಒರಟಾದ ಅಳತೆಯು ಅಲ್ಲಿ ಸಹ್ಯವಾಗಿರುವುದು ಅದರ ಕೆಳಗೆ ಸೂಕ್ಷ್ಮವಾದ ಅಳತೆಯೊಂದು ಇರುವುದರಿಂದ.

ಮೈಸೂರಿನ ಮಾತಿಗೆ ಈಗ ಬರುತ್ತೇನೆ. ಸಂಸ್ಥಾನದ ಹಣಕಾಸಿನ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು ಭಾರತದ ಪರಿಸ್ಥಿತಿಗೆ ಒಪ್ಪುವ ಕೃಷಿವಿಮೆಯನ್ನು ಕುರಿತು ಬರೆದ ಗ್ರಂಥವು 1920ರಲ್ಲಿ ಹೊರಬಂದಿತು. ಲಕ್ಷಾಂತರ ಸಣ್ಣ ಹಿಡುವಳಿಗಳಿರುವ ದೇಶದಲ್ಲಿ ಒಬ್ಬೊಬ್ಬ ರೈತನ ನಷ್ಟವನ್ನು ಅಳೆಯಹೊರಟರೆ ಪರಿಹಾರಕ್ಕಿಂತ ಅಳತೆಗೇ ಹೆಚ್ಚು ಖರ್ಚಾಗುವುದು, ವಂಚನೆಗೂ ದಾರಿಯಾಗುವುದು. ಮಳೆಮಾಪಕವೋ ಯಾರ ಮುಖವನ್ನೂ ನೋಡುವುದಿಲ್ಲ. ಆದ್ದರಿಂದ ಒಂದು ಪ್ರದೇಶದ ಮಳೆಯ ಕೊರತೆಯನ್ನೇ ನಷ್ಟದ ಗುರುತಾಗಿ ಹಿಡಿದು ಆ ಪ್ರದೇಶದವರಿಗೆಲ್ಲ ಪರಿಹಾರ ಕೊಡೋಣ ಎಂಬುದು ಅವರ ವಾದದ ತಿರುಳು. ಎಂತಹ ದೂರದೃಷ್ಟಿ! ಅದು ಆಗ ಕಾರ್ಯರೂಪಕ್ಕೆ ಬರಲಿಲ್ಲ. ಬಹುಕಾಲದ ಮೇಲೆ, 1976ರಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರರು ಪ್ರದೇಶಾಧಾರಿತ ವಿಮೆಯನ್ನು ಮತ್ತೆ ಪ್ರತಿಪಾದಿಸಿದರು. 1985ರ ಸಮಗ್ರ ಬೆಳೆವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, 2016ರ ಪ್ರಧಾನಮಂತ್ರಿ ಫಸಲ್ ಬಿಮಾ, ಎಲ್ಲವೂ ಆ ಜಾಡಿನವೇ. ಪ್ರದೇಶದ ಅಳತೆಯನ್ನು ಸಾರಾಸಗಟಾಗಿ ನಿಂದಿಸುವವರ ಪಕ್ಷ ನನ್ನದಲ್ಲವೆಂಬುದು ಇದರಿಂದ ತಿಳಿದೀತು. ಬಡ ಖಜಾನೆಯು ಬಹುಜನರನ್ನು ತಲುಪುವುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ದಾರಿ ಬೇರೊಂದು ಸುಲಭವಾಗಿ ಸಿಗದು.

ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವುಗಳಿಗೆ ಹೋಬಳಿ, ಇವು ವಿಮೆಯ ಘಟಕಗಳು. ಕೌಂಟಿಗೆ ಹೋಲಿಸಿದರೆ ನಮ್ಮ ಘಟಕ ಎಷ್ಟೋ ಚಿಕ್ಕದು. ಇದು ಹೆಮ್ಮೆಪಡತಕ್ಕ ಸಂಗತಿ. ಆದರೆ ಆ ಘಟಕದ ಇಳುವರಿಯು ತೀರ್ಮಾನವಾಗುವುದು ಕೆಲವೇ ಬೆಳೆ ಕಟಾವು ಪ್ರಯೋಗಗಳಿಂದ. ಗೂಟ ನೆಟ್ಟು, ಹಗ್ಗ ಎಳೆದು, ಹೊಲದ ಒಂದು ಚೌಕದಲ್ಲಿರುವ ತೆನೆಯನ್ನು ಕೊಯ್ದು, ಬಡಿದು, ತೂರಿ, ತಕ್ಕಡಿಗಿಟ್ಟು ಬರೆದುಕೊಂಡ ಆ ತೂಕದ ಮೇಲೆ ಇಡೀ ಪಂಚಾಯಿತಿಯ ಪಾಲಿನ ಪರಿಹಾರ ನಿಂತಿರುತ್ತದೆ. ಆಲಿಕಲ್ಲು, ಭೂಕುಸಿತಗಳಂತಹ ಸ್ಥಳೀಯ ವಿಪತ್ತಿಗೆ 72 ಗಂಟೆಗಳೊಳಗೆ ತಿಳಿಸಿದವನ ಹೊಲವನ್ನು ಪ್ರತ್ಯೇಕವಾಗಿ ನೋಡುವ ಅವಕಾಶವಿದೆ. ಉಳಿದ ಬಹುಪಾಲು ನಷ್ಟಗಳಿಗೆ ಸರಾಸರಿಯೊಂದೇ ಗತಿ. ಅಮೆರಿಕದವನಿಗೆ ಎರಡನೆಯ ಹೊದಿಕೆಯಾಗಿರುವುದು ನಮ್ಮವನಿಗೆ ಇರುವ ಒಂದೇ ಹೊದಿಕೆ.

ಉಳುವವನ ವಿಷಯದಲ್ಲಂತೂ ನಮ್ಮ ಸ್ಥಿತಿ ಅವರಿಗಿಂತ ಕಷ್ಟದ್ದು. ಅಲ್ಲಿಯ ಗೇಣಿದಾರನಿಗೆ ಸಾಮಾನ್ಯವಾಗಿ ಕರಾರುಪತ್ರವಿರುತ್ತದೆ. ಪ್ರತಿವರ್ಷ ಜುಲೈ ಮಧ್ಯದೊಳಗೆ ಕೌಂಟಿಯ ಕೃಷಿ ಕಚೇರಿಗೆ ಹೋಗಿ ತಾನು ಎಲ್ಲಿ ಏನು ಬಿತ್ತಿದೆನೆಂದು ಬರೆಸಿ ಬರುತ್ತಾನೆ. ರೈತರೇ ಚುನಾಯಿಸಿದ ಕೌಂಟಿ ಸಮಿತಿಯು ಆ ಕಚೇರಿಯ ಮೇಲಿದೆ. ಆ ಸಮಿತಿಗಳಿಗೂ ಕಳಂಕವಿಲ್ಲದೆ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವು ದೀರ್ಘಕಾಲ ಬಿಳಿಯರ ಕೈಯಲ್ಲಿಯೇ ಇದ್ದವು. ಸಾಲ ಮತ್ತು ಸಹಾಯಗಳಲ್ಲಿ ತಮಗೆ ತಾರತಮ್ಯವಾಯಿತೆಂದು ಕಪ್ಪುಜನಾಂಗದ ರೈತರು ಹೂಡಿದ ಪಿಗ್‌ಫರ್ಡ್ ದಾವೆಯು 1999ರಲ್ಲಿ ರಾಜಿಯಾಗಿ, ಸರ್ಕಾರವು ಅಪಾರವಾದ ಹಣವನ್ನು ತೆರಬೇಕಾಯಿತು. ಹಾಗಿದ್ದರೂ ಉಳುವವನ ಹೆಸರಾದರೂ ಅಲ್ಲಿ ದಾಖಲೆಯಲ್ಲಿರುತ್ತದೆ. ನಮ್ಮಲ್ಲಿಯೋ, ಭೂಸುಧಾರಣೆಯ ಕಾನೂನು ಕೃಷಿಭೂಮಿಯ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿರುವುದರಿಂದ, ನಡೆಯುತ್ತಿರುವ ಗೇಣಿಯೆಲ್ಲ ಬಾಯಿಮಾತಿನದು. ಪಹಣಿಯಲ್ಲಿ ಒಡೆಯನ ಹೆಸರು, ಹೊಲದಲ್ಲಿ ಬೇರೊಬ್ಬನ ಬೆವರು. ಬರ ಬಂದು ಪರಿಹಾರ ಮಂಜೂರಾದರೆ ಅದು ಹೋಗಿ ಸೇರುವುದು ಪಹಣಿಯ ಹೆಸರಿನವನ ಖಾತೆಗೆ. ಬೀಜ, ಗೊಬ್ಬರ, ಆಳುಗಳ ಕೂಲಿಗೆ ಸಾಲ ಮಾಡಿದವನು ಬರಿಗೈಯಲ್ಲಿ ನಿಲ್ಲುತ್ತಾನೆ. ಉಳುವವನನ್ನು ಕಾಪಾಡಲೆಂದು ಮಾಡಿದ ಕಾನೂನೇ ಇಂದು ಉಳುವವನನ್ನು ದಾಖಲೆಯಿಂದ ಮರೆಮಾಡಿರುವುದು ನನ್ನನ್ನು ಬಹುವಾಗಿ ನೋಯಿಸುವ ಸಂಗತಿ.

ಈ ಸಭೆಯಲ್ಲಿ ಕೃಷಿ ಮತ್ತು ಕಂದಾಯ ಇಲಾಖೆಗಳ ಅಧಿಕಾರಿಗಳಿದ್ದಾರೆ, ಪಂಚಾಯಿತಿಯ ಸದಸ್ಯರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಎರಡೇ. ಬೆಳೆ ಕಟಾವು ಪ್ರಯೋಗವು ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ನಡೆಯುತ್ತದೆಂಬುದನ್ನು ಊರಿಗೆ ಮುಂಚಿತವಾಗಿ ಸಾರಿ, ಬಂದ ತೂಕವನ್ನು ಅಂದೇ ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸಿರಿ. ಎರಡನೆಯದಾಗಿ, ಭೂಮಿಯ ಒಡೆತನದ ಹಕ್ಕಿಗೆ ಯಾವ ಭಂಗವೂ ಬಾರದಂತೆ, ಆಯಾ ಹಂಗಾಮಿನಲ್ಲಿ ಯಾರು ಉತ್ತರು ಎಂಬುದನ್ನು ಬರೆದಿಡುವ ಒಂದು ಪ್ರತ್ಯೇಕ ಸಾಗುವಳಿ ಪುಸ್ತಕವನ್ನು ಶಾಸನಬದ್ಧವಾಗಿ ತೆರೆಯಿಸಲು ಯತ್ನಿಸಿರಿ. ಮುಂದಿನ ಬರಗಾಲಕ್ಕೆ ಮೊದಲು ಇವೆರಡೂ ಆಗಬೇಕು.